ಪ್ರೊ. ಇಯಾನ್ ಡೊನಾಲ್ಡ್ (1910–1987): ಜೀವನ ಪರಿಚಯ

ಆಸ್ಪತ್ರೆಗೆ ದಾಖಲಾದ ಸ್ಥೂಲಕಾಯದ ರೋಗಿಗಳಿಗೆ ಡ್ರಿಪ್ ಹಾಕುವ ಸಂದರ್ಭದಲ್ಲಿ ನರ ಸಿಗುತ್ತಿಲ್ಲವೆಂಬ ಮಾತನ್ನು ಸಾರ್ವಜನಿಕರು ಕೇಳಿರಬಹುದು. ವಾಸ್ತವವಾಗಿ ಅಲ್ಲಿ ಹುಡುಕಲಾಗುವುದು ನರವನ್ನಲ್ಲ, ಹೃದಯಕ್ಕೆ ರಕ್ತವನ್ನು ಮರಳಿ ಒಯ್ಯುವ ಅಭಿಧಮನಿಯನ್ನು. ಚರ್ಮದ ಕೆಳಗಿನ ಕೊಬ್ಬಿನ ಪದರ ದಪ್ಪವಾಗಿದ್ದಲ್ಲಿ, ತೋಳಿಗೆ ಪಟ್ಟಿ ಬಿಗಿದರೂ ಅದು ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೂ ತಿಳಿಯುವುದಿಲ್ಲ. ಇಂತಹ ರೋಗಿಗಳಿಗೆ ಇಂದು ಅಲ್ಟ್ರಾಸೌಂಡ್ ಯಂತ್ರದ ನೆರವಿನಿಂದ ಸೂಜಿ ಹಾಕಲಾಗುತ್ತಿದೆ. ಈ ತಂತ್ರವನ್ನು ಕಾರ್ಖಾನೆಯಿಂದ ರೋಗಿಯ ಬಳಿಗೆ ತಂದವರಲ್ಲಿ ಪ್ರಮುಖರಾದ ಪ್ರೊ. ಇಯಾನ್ ಡೊನಾಲ್ಡ್‌ರವರ ಜೀವನದ ವಿವರಗಳನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

ಡೊನಾಲ್ಡ್‌ರವರು 1910ರ ಡಿಸೆಂಬರ್ 27ರಂದು ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತ್ಯದಲ್ಲಿ ವೈದ್ಯರ ಕುಟುಂಬದಲ್ಲಿ ಜನಿಸಿದರು. ಯೌವನದ ಕೆಲವು ವರ್ಷಗಳನ್ನು ದಕ್ಷಿಣ ಆಫ್ರಿಕಾದಲ್ಲಿ ಕಳೆದು, 1937ರಲ್ಲಿ ಲಂಡನ್ನಿನಲ್ಲಿ ವೈದ್ಯಕೀಯ ಪದವಿ ಪಡೆದರು. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ವಾಯುಪಡೆಯ ವೈದ್ಯಾಧಿಕಾರಿಯಾಗಿದ್ದಾಗ, ಬಾಂಬುಗಳಿದ್ದ ವಿಮಾನವೊಂದು ಹೊತ್ತಿ ಉರಿಯುತ್ತಿರಲು ಅದರೊಳಗೆ ಸಿಲುಕಿದ್ದವರನ್ನು ಹೊರತಂದರು. ಈ ಸಾಹಸಕ್ಕಾಗಿ 1946ರಲ್ಲಿ ಎಂ.ಬಿ.ಇ. ಗೌರವ ಸಂದಿತು. ರೇಡಾರ್ ಮತ್ತು ಸೋನಾರ್ ಉಪಕರಣಗಳ ಪರಿಚಯವೂ ಅವರಿಗೆ ಇದೇ ಅವಧಿಯಲ್ಲಿ ಆಯಿತು.

1954ರಲ್ಲಿ ಅವರು ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಪ್ರಸೂತಿ ವಿಭಾಗದ ಪ್ರಾಧ್ಯಾಪಕರಾದರು. ಹೊಟ್ಟೆಯಲ್ಲಿ ಗೆಡ್ಡೆಯಿದ್ದಲ್ಲಿ ಅದು ನೀರು ತುಂಬಿದ ಚೀಲವೋ ಗಟ್ಟಿ ಮಾಂಸವೋ ಎಂಬುದನ್ನು ಆಗ ಕೈಯಿಂದ ಒತ್ತಿ ಊಹಿಸಬೇಕಾಗಿತ್ತು. ಬೊಜ್ಜಿನ ಶರೀರದಲ್ಲಿ ಈ ಊಹೆ ಇನ್ನಷ್ಟು ಕಠಿಣವಾಗಿತ್ತು. ಎಕ್ಸ್-ರೇ ಚಿತ್ರವು ಮೂಳೆಯನ್ನು ತೋರಿಸುವಷ್ಟು ಚೆನ್ನಾಗಿ ಮೃದು ಭಾಗಗಳನ್ನು ತೋರಿಸುತ್ತಿರಲಿಲ್ಲ.

ಬಾಯ್ಲರ್ ತಯಾರಿಸುವ ಕಾರ್ಖಾನೆಗಳು ಲೋಹದ ಒಳಗಿನ ಬಿರುಕನ್ನು ಶಬ್ದದ ಪ್ರತಿಧ್ವನಿಯಿಂದ ಪತ್ತೆ ಮಾಡುತ್ತಿದ್ದವು. 1955ರ ಜುಲೈ 21ರಂದು ಡೊನಾಲ್ಡ್‌ರವರು ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗೆಡ್ಡೆಗಳನ್ನು ಎರಡು ಕಾರುಗಳ ಡಿಕ್ಕಿಯಲ್ಲಿ ತುಂಬಿಕೊಂಡು ರೆನ್‌ಫ್ರೂ ಪಟ್ಟಣದ ಬ್ಯಾಬ್‌ಕಾಕ್ ಅಂಡ್ ವಿಲ್‌ಕಾಕ್ಸ್ ಕಾರ್ಖಾನೆಗೆ ತೆರಳಿದರು. ಹೋಲಿಕೆಗಾಗಿ ಅಲ್ಲಿ ದೊಡ್ಡ ಮಾಂಸದ ತುಂಡೊಂದನ್ನೂ ಒದಗಿಸಲಾಗಿತ್ತು. (ಆ ಮಾಂಸದ ವೆಚ್ಚವನ್ನು ಯಾವ ಲೆಕ್ಕ ಶೀರ್ಷಿಕೆಗೆ ಹಾಕಿರಬಹುದೆಂಬ ಪ್ರಶ್ನೆ ವಾಣಿಜ್ಯ ಪದವೀಧರನಾದ ಈ ಲೇಖಕನಿಗೆ ಮೊದಲು ಹೊಳೆಯಿತು.) ನೀರು ತುಂಬಿದ ಚೀಲವೂ ಗಟ್ಟಿ ಗೆಡ್ಡೆಯೂ ಬೇರೆ ಬೇರೆ ರೀತಿಯ ಪ್ರತಿಧ್ವನಿ ನೀಡಿದವು.

ಮುಂದೆ ಕೆಲ್ವಿನ್ ಅಂಡ್ ಹ್ಯೂಸ್ ಸಂಸ್ಥೆಯ ಯುವ ಇಂಜಿನಿಯರ್ ಟಾಮ್ ಬ್ರೌನ್‌ರವರು ತಾವಾಗಿಯೇ ದೂರವಾಣಿ ಕರೆ ಮಾಡಿ ಡೊನಾಲ್ಡ್‌ರವರನ್ನು ಸಂಪರ್ಕಿಸಿ, ಉತ್ತಮ ಯಂತ್ರ ನಿರ್ಮಿಸಿಕೊಟ್ಟರು. ಸಹೋದ್ಯೋಗಿಗಳಲ್ಲಿ ಹಲವರಿಗೆ ಇದರಲ್ಲಿ ನಂಬಿಕೆ ಇರಲಿಲ್ಲ. ಆ ಸಂದರ್ಭದಲ್ಲಿ, ಗುಣವಾಗದ ಹೊಟ್ಟೆಯ ಕ್ಯಾನ್ಸರ್ ಎಂದು ನಿರ್ಧರಿಸಿ ಕೈಬಿಡಲಾಗಿದ್ದ ಮಹಿಳೆಯೊಬ್ಬರನ್ನು ಈ ಯಂತ್ರದಿಂದ ಪರೀಕ್ಷಿಸಲಾಯಿತು. ಪ್ರತಿಧ್ವನಿಯು ದೊಡ್ಡದೊಂದು ನೀರಿನ ಚೀಲವನ್ನು ತೋರಿಸಿತು. ಶಸ್ತ್ರಚಿಕಿತ್ಸೆ ನಡೆಸಿದಾಗ ಸಿಕ್ಕಿದ್ದೂ ಅಂಡಾಶಯದ ಚೀಲವೇ. ಅದನ್ನು ತೆಗೆಯಲಾಯಿತು, ಆಕೆ ಬದುಕಿದರು. ಅನಂತರ ಸಂಶಯ ಪಡುವವರ ಸಂಖ್ಯೆ ಕಡಿಮೆಯಾಯಿತು. 1958ರ ಜೂನ್ 7ರ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಡೊನಾಲ್ಡ್, ಜಾನ್ ಮ್ಯಾಕ್‌ವಿಕಾರ್ ಮತ್ತು ಬ್ರೌನ್‌ರವರ ಲೇಖನ ಪ್ರಕಟವಾಯಿತು.

ಡೊನಾಲ್ಡ್‌ರವರು ಸ್ವತಃ ಹೃದ್ರೋಗಿಯಾಗಿದ್ದು, ಹಲವು ಬಾರಿ ಹೃದಯದ ಶಸ್ತ್ರಚಿಕಿತ್ಸೆಗೆ ಒಳಗಾಗಿದ್ದರು. 1976ರಲ್ಲಿ ನಿವೃತ್ತರಾಗಿ, 1987ರ ಜೂನ್ 19ರಂದು ನಿಧನರಾದರು.

ತೋಳಿನ ಅಭಿಧಮನಿಯನ್ನು ಹುಡುಕುವ ಯಂತ್ರದಲ್ಲಿಯೂ ಅದೇ ಪ್ರತಿಧ್ವನಿಯ ತತ್ವವಿದೆ. ದ್ರವ ತುಂಬಿದ ನಾಳ ಪರದೆಯ ಮೇಲೆ ಕಪ್ಪಾಗಿ ಕಾಣುತ್ತದೆ. ಮೆಲ್ಲನೆ ಒತ್ತಿದಾಗ ಸುಲಭವಾಗಿ ಚಪ್ಪಟೆಯಾಗುವುದು ಅಭಿಧಮನಿ. ಚಪ್ಪಟೆಯಾಗದೆ ಮಿಡಿಯುವುದು ಅಪಧಮನಿ, ಅದಕ್ಕೆ ಡ್ರಿಪ್ ಸೂಜಿ ಹಾಕತಕ್ಕದ್ದಲ್ಲ. ನಾಳವು ಆಳದಲ್ಲಿರುವುದರಿಂದ ಉದ್ದನೆಯ ಕ್ಯಾನುಲಾ ಬೇಕಾಗುತ್ತದೆ; ಗಿಡ್ಡನೆಯದನ್ನು ಹಾಕಿದಲ್ಲಿ ತೋಳು ಅಲುಗಿದಾಗ ಅದು ನಾಳದಿಂದ ಜಾರಿ, ಔಷಧವು ಮಾಂಸಕ್ಕೆ ಇಳಿದು ಬಾವು ಬರಬಹುದು. ಕೈ ಪಳಗಿದ ಸಿಬ್ಬಂದಿಯೂ ಅಗತ್ಯ. ಈ ತಪಾಸಣೆಯಲ್ಲಿ ಎಕ್ಸ್-ರೇ ವಿಕಿರಣ ಇರುವುದಿಲ್ಲ. ಹಲವು ಬಾರಿ ಚುಚ್ಚಿಯೂ ನಾಳ ಸಿಗದಿದ್ದಲ್ಲಿ, ಈ ಸೌಲಭ್ಯ ಲಭ್ಯವಿದೆಯೇ ಎಂದು ರೋಗಿಯ ಕಡೆಯವರು ವಿಚಾರಿಸಬಹುದು.

ಭ್ರೂಣದ ಲಿಂಗ ಪತ್ತೆಗೆ ದುರ್ಬಳಕೆಯಾದ ಕಾರಣ ನಮ್ಮ ದೇಶದಲ್ಲಿ ಅಲ್ಟ್ರಾಸೌಂಡ್ ಯಂತ್ರಗಳು 1994ರ ಗರ್ಭಧಾರಣಾ ಪೂರ್ವ ಮತ್ತು ಪ್ರಸವ ಪೂರ್ವ ಪತ್ತೆ ತಂತ್ರಗಳ ಅಧಿನಿಯಮಕ್ಕೆ ಒಳಪಟ್ಟಿವೆ. ಲಿಂಗ ಪತ್ತೆ ಸಾಮರ್ಥ್ಯವುಳ್ಳ ಯಂತ್ರವನ್ನು ನೋಂದಣಿಯಿಲ್ಲದ ಸಂಸ್ಥೆಗೆ ಮಾರುವಂತಿಲ್ಲ. ನೋಂದಣಿಯ ಹೊಣೆ ಸಂಸ್ಥೆಯದ್ದಾಗಿದ್ದು, ತೋಳಿನ ತಪಾಸಣೆಗೆ ಬರುವ ರೋಗಿಯದ್ದಾಗಿರುವುದಿಲ್ಲ.