ಫಿಟ್ಸ್‌ಗೆ ಮದ್ದು ಹುಡುಕಿದ ಡಾ. ಟ್ರೇಸಿ ಪಟ್ನಮ್



ನಮ್ಮ ಅಕ್ಕನಿಗೆ ಫಿಟ್ಸ್ ಬರುತ್ತಿತ್ತು. ಅವಳು ಬಿದ್ದು ಕೈಕಾಲು ಬಡಿದುಕೊಳ್ಳುವಾಗ ನಾನು ಓಡಿಹೋಗಿ ಬೀಗದ ಕೈ ತಂದು ಅವಳ ಕೈಗೆ ಇಡುತ್ತಿದ್ದೆ. ಈಗ ದಿನಾ ರಾತ್ರಿ ಫೆನಿಟಾಯಿನ್ ಅನ್ನೋ ಮಾತ್ರೆ ತಗೋತಾಳೆ. ಇದನ್ನು ಯಾರು ಕಂಡುಹಿಡಿದರು ಅಂತ ವಿಜ್ಞಾನದ ಮೇಷ್ಟ್ರನ್ನು ಕೇಳಿದೆ. ಅವರು ತಿಳಿಸಿದ್ದನ್ನು ಇಲ್ಲಿ ಬರೆದಿದ್ದೇನೆ.

ಡಾ. ಟ್ರೇಸಿ ಪಟ್ನಮ್ ಅವರು 1894ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಜನಿಸಿದರು. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಓದಿ ನರರೋಗದ ವೈದ್ಯರಾದರು.

ನಮ್ಮ ಮೆದುಳಿನ ಜೀವಕೋಶಗಳು ಸಣ್ಣ ವಿದ್ಯುತ್ ಸಂಕೇತಗಳಿಂದ ಕೆಲಸ ಮಾಡುತ್ತವೆ. ತುಂಬಾ ಕೋಶಗಳು ಒಂದೇ ಸಲ ಹದ್ದು ಮೀರಿ ಸಂಕೇತ ಕಳಿಸಿದರೆ ಫಿಟ್ಸ್ ಬರುತ್ತದೆ. ಇದು ಗಾಳಿ ಸೋಕಿದ್ದಲ್ಲ. 1912ರಿಂದ ಫಿನೋಬಾರ್ಬಿಟಾಲ್ ಎಂಬ ಔಷಧ ಬಳಕೆಯಲ್ಲಿತ್ತು. ಅದು ಫಿಟ್ಸ್ ತಡೆಯುತ್ತಿತ್ತು, ಆದರೆ ರೋಗಿಗಳು ತೂಕಡಿಸುತ್ತಿದ್ದರು. ನಿದ್ದೆ ಬರಿಸದ ಮದ್ದು ಬೇಕೆಂದು ಪಟ್ನಮ್ ಹುಡುಕಲು ಹೊರಟರು.

ಬಾಸ್ಟನ್ ಸಿಟಿ ಆಸ್ಪತ್ರೆಯಲ್ಲಿ ಡಾ. ಹೂಸ್ಟನ್ ಮೆರಿಟ್ ಅವರಿಗೆ ಜೊತೆಯಾದರು. ಪಾರ್ಕ್ ಡೇವಿಸ್ ಎಂಬ ಔಷಧ ಕಂಪನಿ ರಾಸಾಯನಿಕಗಳನ್ನು ಕಳಿಸಿತು. ಅವನ್ನು ಒಂದೊಂದಾಗಿ ಬೆಕ್ಕುಗಳಿಗೆ ಕೊಟ್ಟು, ಕರೆಂಟು ಹಾಯಿಸಿ, ಯಾವುದು ಫಿಟ್ಸ್ ತಡೆಯುತ್ತದೆ ಎಂದು ನೋಡಿದರು. ಕೇಳಿ ನನಗೆ ಬೆಕ್ಕುಗಳ ಮೇಲೆ ಪಾಪ ಅನ್ನಿಸಿತು. ಕೊನೆಗೆ ಫೆನಿಟಾಯಿನ್ ಗೆದ್ದಿತು. ಅದನ್ನು ಜರ್ಮನಿಯ ಹೈನ್ರಿಶ್ ಬಿಲ್ಟ್ಸ್ 1908ರಲ್ಲೇ ತಯಾರಿಸಿದ್ದರು. ಆದರೆ ಫಿಟ್ಸ್‌ಗೆ ಆಗುತ್ತೆ ಅಂತ ಆಗ ಗೊತ್ತಿರಲಿಲ್ಲ. 1938ರಲ್ಲಿ ರೋಗಿಗಳಿಗೆ ಕೊಟ್ಟ ಫಲಿತಾಂಶವನ್ನು ಇಬ್ಬರೂ ಪ್ರಕಟಿಸಿದರು. ಬಹಳ ಜನರಿಗೆ ಗುಣ ಕಂಡಿತ್ತು.

ಈ ಮದ್ದು ಮೆದುಳಿನ ಕೋಶಗಳೊಳಗೆ ಸೋಡಿಯಂ ಪದೇಪದೇ ನುಗ್ಗುವುದನ್ನು ತಡೆಯುತ್ತದೆ. ಆಗ ಸಂಕೇತಗಳು ಹದಕ್ಕೆ ಬರುತ್ತವೆ. ಕೆಲವರಿಗೆ ಇದರಿಂದ ವಸಡು ಊದುತ್ತದೆ. ಅಕ್ಕನಿಗೂ ಊದಿದೆ, ಅದಕ್ಕೇ ಅವಳು ಬಾಯಿ ಮುಚ್ಚಿಕೊಂಡು ನಗ್ತಾಳೆ. ಡಾಕ್ಟರು ಹಲ್ಲು ಚೆನ್ನಾಗಿ ತಿಕ್ಕಲು ಹೇಳಿದ್ದಾರೆ. ಡಾಕ್ಟರನ್ನು ಕೇಳದೆ ಮಾತ್ರೆ ನಿಲ್ಲಿಸಬಾರದು.

ಪಟ್ನಮ್ ಅವರು 1975ರಲ್ಲಿ ತೀರಿಕೊಂಡರು.

ಸ್ನೇಹಿತರೇ, ಯಾರಿಗಾದರೂ ಫಿಟ್ಸ್ ಬಂದರೆ ಬೀಗದ ಕೈ ಬೇಡ, ಈರುಳ್ಳಿ ಬೇಡ, ಚಪ್ಪಲಿಯಂತೂ ಬೇಡವೇ ಬೇಡ. ಬಾಯಿಗೆ ಏನೂ ಹಾಕಬೇಡಿ. ತಲೆಗೆ ಪೆಟ್ಟಾಗದಂತೆ ನೋಡಿಕೊಂಡು ಮೆಲ್ಲಗೆ ಪಕ್ಕಕ್ಕೆ ಮಲಗಿಸಿ. ಐದು ನಿಮಿಷವಾದರೂ ನಿಲ್ಲದಿದ್ದರೆ ಆಸ್ಪತ್ರೆಗೆ ಕರೆದೊಯ್ಯಿರಿ.

ಇದನ್ನು ಅಕ್ಕನನ್ನು ಕೇಳಿಯೇ ಬರೆದೆ. ಮೊದಲು ಬೇಡ ಅಂದಳು. ರಾತ್ರಿ ಮಾತ್ರೆ ನುಂಗಿದ ಮೇಲೆ, ಬರಿ ಅಂದಳು.

– 7ನೇ ತರಗತಿ