ವಿಲ್ಯಮ್ ಕೇರೀ ಸಾಹೇಬರ ಎರಡನೆಯ ಉಳುಮೆ

ಬಿತ್ತನೆಯಾದ ಮೇಲೆ ಮಳೆ ಹೋಗಿಬಿಟ್ಟರೆ ಒಕ್ಕಲಿಗನ ವರುಷದ ಲೆಕ್ಕವೆಲ್ಲಾ ತಲೆಕೆಳಗಾಗುವದೆಂಬದನ್ನು ನಾವು ನಿಮಗೆ ಹೇಳಬೇಕಾದದ್ದಿಲ್ಲ. ಆಗ ಮನುಷ್ಯನು ಏನು ಮಾಡಬೇಕು? ಎಣಿಸಿದ್ದು ಕೆಟ್ಟಿತೆಂದು ಜಗಲಿಯ ಮೇಲೆ ಕೂತಿರಬೇಕೋ, ಪುನಃ ನೇಗಿಲನ್ನು ಹೂಡಬೇಕೋ? ಈ ಪ್ರಶ್ನೆಗೆ ತಮ್ಮ ಆಯುಷ್ಯದಿಂದಲೇ ಉತ್ತರ ಕೊಟ್ಟ ಒಬ್ಬರ ಚರಿತ್ರೆಯನ್ನು ಈ ಸಾರಿ ಬರೆಯುತ್ತೇವೆ. ಅವರ ಹೆಸರನ್ನು ನಿಮ್ಮಲ್ಲಿ ಅನೇಕರು ಕೇಳಿರುವಿರಿ. ಅವರ ಕೆಲಸಗಳಲ್ಲಿ ಎಷ್ಟು ಮುರಿದುಬಿದ್ದವೆಂಬದನ್ನು ಕೆಲವರೇ ಬಲ್ಲರು.

ವಿಲ್ಯಮ್ ಕೇರೀ ಸಾಹೇಬರು 1761ನೆಯ ಇಸವಿಯಲ್ಲಿ ಇಂಗ್ಲೆಂಡಿನ ಪಾಲರ್ಸ್‌ಪುರಿ ಎಂಬ ಹಳ್ಳಿಯಲ್ಲಿ ಒಬ್ಬ ನೇಯಿಗೆಯವನ ಮಗನಾಗಿ ಹುಟ್ಟಿದರು. ಹುಡುಗತನದಲ್ಲಿ ಹೊಲದ ಕೆಲಸಕ್ಕೆ ಹೋದರು. ಆದರೆ ಬಿಸಿಲು ತಗಲಿದರೆ ಅವರ ಚರ್ಮಕ್ಕೆ ಬಹು ನೋವಾಗುತ್ತಿದ್ದದರಿಂದ ಅದನ್ನು ಬಿಟ್ಟು ಜೋಡು ಹೊಲಿಯುವ ಕಸುಬನ್ನು ಕಲಿಯಬೇಕಾಯಿತು. ನೆರಳಿನಲ್ಲಿ ಕೂತು ಮಾಡುವ ಆ ಕಸುಬಿನ ನಡುವೆ ಅವರು ಲತೀನ್, ಗ್ರೀಕ್, ಇಬ್ರಿಯ ಭಾಷೆಗಳನ್ನು ಅಭ್ಯಾಸ ಮಾಡಿದರು. ದಕ್ಷಿಣ ಸಮುದ್ರದಲ್ಲಿರುವ ತಾಹಿತಿ ದ್ವೀಪಕ್ಕೆ ಸುವಾರ್ತೆಯನ್ನು ಒಯ್ಯಬೇಕೆಂಬದು ಅವರ ಮೊದಲನೆಯ ಆಶೆ. ಆದರೆ 1792ರಲ್ಲಿ ಮಿಶನ್ ಸಂಘವು ಹುಟ್ಟಿದ ಮೇಲೆ ಅವರಿಗೆ ತೆರೆದ ಬಾಗಲು ಬಂಗಾಳದ್ದು. 1793ನೆಯ ನವಂಬರದಲ್ಲಿ ಅವರು ಹೆಂಡತಿ ಮಕ್ಕಳೊಡನೆ ಕಲ್ಕತ್ತೆಗೆ ಬಂದಿಳಿದರು.

ಅಲ್ಲಿ ಕೈಯಲ್ಲಿದ್ದ ಹಣವು ಬೇಗನೆ ತೀರಿತು. ಸುಂದರಬನದ ಕಾಡಿನ ಅಂಚಿನಲ್ಲಿ ಕೆಲವು ಕಾಲ ಕಷ್ಟಪಟ್ಟು, 1794ರಲ್ಲಿ ಮುದ್ನಾಬಾಟಿ ಎಂಬ ಊರಿನ ನೀಲಿ ಕಾರ್ಖಾನೆಯ ಮೇಲ್ವಿಚಾರಕರಾದರು. ಅದೇ ವರುಷ ಅವರ 5 ವರುಷದ ಮಗನಾದ ಪೀಟರನು ರೋಗದಿಂದ ತೀರಿಹೋದನು. ಆ ದುಃಖದ ತರುವಾಯ ತಾಯಿಯಾದ ಡಾರೊತಿ ಅಮ್ಮನವರ ಬುದ್ಧಿಯು ಕೆಟ್ಟು, 1807ರಲ್ಲಿ ಮೃತರಾಗುವ ತನಕ ಸ್ವಸ್ಥವಾಗಲಿಲ್ಲ. ಈ ಅಮ್ಮನವರು ಮೊದಲು ದೇಶವನ್ನು ಬಿಡಲು ಒಪ್ಪದೆ, ಬಹಳ ಒತ್ತಾಯದ ಮೇಲೆ ಹಡಗು ಹತ್ತಿದವರು. ಆಕೆಯ ಸಂಕಟವನ್ನು ಗಂಡನ ಏಳಿಗೆಯ ಮೆಟ್ಟಲೆಂದು ನಾವು ಹೇಳಲಾರೆವು. ಕೆಲವು ನಷ್ಟಗಳಿಗೆ ಈ ಲೋಕದಲ್ಲಿ ಈಡು ಸಿಕ್ಕುವದಿಲ್ಲ; ಅವುಗಳ ಮುಂದೆ ತಲೆಬಾಗಿ ಸುಮ್ಮನಿರುವದೇ ಯುಕ್ತ.

ಮುದ್ನಾಬಾಟಿಯ ಬೆಳೆಯೂ ವ್ಯಾಪಾರವೂ ಕೆಟ್ಟವು. ಒಬ್ಬ ಬಂಗಾಳಿಯಾದರೂ ಆ ವರುಷಗಳಲ್ಲಿ ದೀಕ್ಷಾಸ್ನಾನ ಹೊಂದಲಿಲ್ಲ. ಹೊಸದಾಗಿ ಬಂದ ಮಿಶನರಿಗಳೊಡನೆ ಖಿದಿರ್‌ಪುರವೆಂಬಲ್ಲಿ ಒಂದು ವಸತಿಯನ್ನು ಕಟ್ಟಬೇಕೆಂದಿದ್ದರು. ಕುಂಪಣಿ ಸರಕಾರವು ಅವರಿಗೆ ತನ್ನ ಸೀಮೆಯಲ್ಲಿ ನೆಲೆಸಲು ಅಪ್ಪಣೆ ಕೊಡಲಿಲ್ಲ. ಆದಕಾರಣ ಆ ಏರ್ಪಾಡನ್ನೂ ಬಿಟ್ಟು, 1800ನೆಯ ಜನವರಿಯಲ್ಲಿ ಡೆನ್ಮಾರ್ಕಿನವರ ಆಳಿಕೆಗೆ ಒಳಗಾದ ಶ್ರೀರಾಮಪುರಕ್ಕೆ ಹೋದರು.

ಹೊರಗಿನಿಂದ ನೋಡುವವನು ಆ ವರುಷಗಳನ್ನು ವ್ಯರ್ಥವೆನ್ನುವನು. ಆದರೆ ಅವುಗಳಲ್ಲಿಯೇ ಕೇರೀ ಸಾಹೇಬರು ಒಕ್ಕಲಿಗರ, ಕೂಲಿಯವರ, ಸಂತೆಗೆ ಬಂದವರ ಬಾಯಿಂದ ಬಂಗಾಳಿಯನ್ನು ಕಲಿತಿದ್ದರು. ಆ ಭಾಷೆಯಲ್ಲಿ ಹೊಸ ಒಡಂಬಡಿಕೆಯು 1801ರಲ್ಲಿ ಅಚ್ಚಾಯಿತು. ಅದೇ ವರುಷ ಜೋಡು ಹೊಲಿಯುತ್ತಿದ್ದ ಈ ಮನುಷ್ಯರು ಕಲ್ಕತ್ತೆಯ ಫೋರ್ಟ್ ವಿಲ್ಯಮ್ ಕಾಲೇಜಿನಲ್ಲಿ ಉಪಾಧ್ಯಾಯರಾದರು. ಮೊದಲನೆಯ ಬಂಗಾಳಿ ವಿಶ್ವಾಸಿಯಾದ ಬಡಗಿ ಕೃಷ್ಣ ಪಾಲನು 1800ನೆಯ ದಶಂಬರ 28ರಲ್ಲಿ ಹೂಗ್ಲಿ ನದಿಯಲ್ಲಿ ದೀಕ್ಷಾಸ್ನಾನ ಹೊಂದಿದ್ದನು.

ಇನ್ನು ಹೇಳಬೇಕಾದ ನಷ್ಟವು ಕನ್ನಡಿಗರಾದ ನಮ್ಮನ್ನೂ ಮುಟ್ಟುತ್ತದೆ. 1812ನೆಯ ಮಾರ್ಚ್ 11ರ ಸಾಯಂಕಾಲ ಶ್ರೀರಾಮಪುರದ ಅಚ್ಚುಕೂಟಕ್ಕೆ ಬೆಂಕಿ ಬಿತ್ತು. ಜೀವಹಾನಿಯಾಗಲಿಲ್ಲ. ಆದರೆ ಕಾಗದದ ರಾಶಿಗಳೂ ಅನೇಕ ಭಾಷೆಗಳ ಅಚ್ಚಿನ ಮೊಳೆಗಳೂ ಕೈಬರಹದ ಗ್ರಂಥಗಳೂ ನಾಶವಾದವು. ಕೇರೀ ಸಾಹೇಬರು ಸಿದ್ಧಮಾಡಿದ್ದ ಕನ್ನಡ ಹೊಸ ಒಡಂಬಡಿಕೆಯ ಬರಹ, ತೆಲುಗು ವ್ಯಾಕರಣ, ಬಂಗಾಳಿ ನಿಘಂಟಿನ ಅನೇಕ ಪುಟಗಳು, ಸಂಸ್ಕೃತದೊಡನೆ ಈ ದೇಶದ ಭಾಷೆಗಳನ್ನು ಜೋಡಿಸಿದ ದೊಡ್ಡ ಶಬ್ದಕೋಶ, ಎಲ್ಲವೂ ಬೂದಿಯಾದವು. ಅವರು ಆ ದಿನ ಕಲ್ಕತ್ತೆಯಲ್ಲಿದ್ದರು. ಮರುದಿನ ಜೊತೆಗಾರರಾದ ಮಾರ್ಷ್‌ಮನ್ ಸಾಹೇಬರು ಹೋಗಿ ತಿಳಿಸಿದರು.

ಸುಟ್ಟ ಸ್ಥಳವನ್ನು ಕಂಡು ಅವರು ದುಃಖಿಸಿದರು. ದುಃಖಿಸಿದ್ದು ಅವಿಶ್ವಾಸವಲ್ಲ. ಆದರೆ ಒಮ್ಮೆ ಉತ್ತ ಹೊಲದಲ್ಲಿ ಎರಡನೆಯ ಉಳುಮೆಗೆ ನೇಗಿಲು ಸುಲಭವಾಗಿ ಇಳಿಯುವಂತೆ, ಒಮ್ಮೆ ಮಾಡಿದ ಕೆಲಸವು ಮತ್ತೊಮ್ಮೆ ಮಾಡುವಾಗ ಹೆಚ್ಚು ನೆಟ್ಟಗಾಗುವದೆಂದು ಕಂಡುಕೊಂಡರು. ಅಚ್ಚಿನ ಯಂತ್ರಗಳು ಉಳಿದಿದ್ದವು. ಮೊಳೆಗಳನ್ನು ಎರಕ ಹೊಯ್ಯುವ ಅಚ್ಚುಗಳು ಬೂದಿಯೊಳಗೆ ಸಿಕ್ಕಿದವು. ಕರಗಿದ ಲೋಹವನ್ನು ಕೂಡಿಸಿ ವಾರ್ಡ್ ಸಾಹೇಬರು ಹೊಸ ಮೊಳೆಗಳನ್ನು ಎರಕ ಹೊಯ್ಯಿಸಿದರು. ಬ್ರಿಟನಿನ ಸಭೆಗಳವರು ಕೆಲವೇ ತಿಂಗಳುಗಳಲ್ಲಿ ಸುಮಾರು 10,000 ಪೌಂಡು ಕೂಡಿಸಿ ಕೊಟ್ಟರು.

ಕೇರೀ ಸಾಹೇಬರು ಪಂಡಿತರೊಡನೆ ಪುನಃ ಮೊದಲಿನಿಂದ ಕೂತರು. ತೆಲುಗು ವ್ಯಾಕರಣವು 1814ರಲ್ಲಿಯೂ ಕನ್ನಡ ವ್ಯಾಕರಣವು 1817ರಲ್ಲಿಯೂ ಹೊರಟವು. ಬಂಗಾಳಿ ನಿಘಂಟು 1825ರಲ್ಲಿ ಮುಗಿಯಿತು. ಕನ್ನಡ ಹೊಸ ಒಡಂಬಡಿಕೆಯು 1820ರ ಬಳಿಕ ಅಚ್ಚಾಯಿತು. ಸತ್ಯವನ್ನು ಮರೆಮಾಡದೆ ಹೇಳಬೇಕಾದರೆ, ಆ ದೊಡ್ಡ ಶಬ್ದಕೋಶವು ಮತ್ತೆ ಸಿದ್ಧವಾಗಲಿಲ್ಲ. ಎರಡು ಸಾರಿ ದುಡಿದ ಕನ್ನಡ ಭಾಷಾಂತರವೂ ನಮ್ಮ ಸೀಮೆಯಲ್ಲಿ ನೆಲೆಗೊಳ್ಳಲಿಲ್ಲ. ಬಳ್ಳಾರಿಯಲ್ಲಿದ್ದ ಹ್ಯಾಂಡ್ಸ್ ಸಾಹೇಬರ ಭಾಷಾಂತರವು ಅದರ ಸ್ಥಾನಕ್ಕೆ ಬಂತು. ಹಾಗಾದರೆ ದುಡಿತವು ಸುಮ್ಮನೆ ಹೋಯಿತೋ? ಹಾಗೆಣಿಸಬೇಡಿರಿ. ತನ್ನ ಹೆಸರಿನ ಫಲವನ್ನೇ ಬಯಸುವವನು ಒಂದು ಬೆಂಕಿಯಿಂದ ಮುಗಿದುಹೋಗುವನು. ಜನರಿಗೆ ವಾಕ್ಯವು ದೊರೆಯಲೆಂದು ಬಯಸುವವನು ಇನ್ನೊಬ್ಬರ ಕೈಯಿಂದ ದೊರೆತರೂ ಸಂತೋಷಪಡಬಲ್ಲನು.

ಕೇರೀ ಸಾಹೇಬರು 1834ನೆಯ ಜೂನ್ 9ರಲ್ಲಿ ಶ್ರೀರಾಮಪುರದಲ್ಲಿಯೇ ನಿದ್ರೆಹೋದರು. 1793ರಲ್ಲಿ ಬಂದವರು ತಿರಿಗಿ ಸ್ವದೇಶಕ್ಕೆ ಹೋಗಲೇ ಇಲ್ಲ.

ಪ್ರಿಯರೇ, ನಿಮ್ಮಲ್ಲಿ ಯಾರ ಹೊಲವಾದರೂ ಒಣಗಿದ್ದರೆ, ಯಾರ ಮಗನ ಓದಾದರೂ ನಡುವೆ ನಿಂತಿದ್ದರೆ, ಅವರು ದುಃಖಿಸಲಿ, ಅದಕ್ಕೆ ನಾಚಬೇಡಿರಿ. ಅನಂತರ ಬೂದಿಯನ್ನು ಕೆದಕಿ ಏನು ಉಳಿದದೆಂದು ನೋಡಿರಿ. ಕಲಿತ ವಿದ್ಯೆ, ಜೊತೆಗಾರರು, ದುಡಿಯುವ ಕೈ, ಕೇಳುವ ದೇವರು: ಇವು ಬೆಂಕಿಯಲ್ಲಿ ಸುಡುವವುಗಳಲ್ಲ. ಉಳಿದದ್ದನ್ನು ಹಿಡುಕೊಂಡು ನಾಳೆ ಬೆಳಿಗ್ಗೆ ಒಂದು ಸಾಲನ್ನಾದರೂ ಉಳಿರಿ.