ಪಂಡಿತಾ ರಮಾಬಾಯಿ: ಅಧ್ಯಾತ್ಮದಾಹದ ಬಾಳು

ಭಾರತೀಯ ಸ್ತ್ರೀವಿಮೋಚನೆಯ ಇತಿಹಾಸದಲ್ಲಿ ಪಂಡಿತಾ ರಮಾಬಾಯಿಯವರ ಹೆಸರು ಚಿರಪರಿಚಿತವಾದುದು. ಆದರೆ ಅವರ ಸಮಾಜಸೇವೆಯ ಬೇರು ಇರುವುದು ಬಾಳಿನುದ್ದಕ್ಕೂ ಆರದೆ ಉಳಿದ ಒಂದು ಅಧ್ಯಾತ್ಮದಾಹದಲ್ಲಿ. 1858ರ ಏಪ್ರಿಲ್ 23ರಂದು ಅವರು ಜನಿಸಿದ್ದು ಪಶ್ಚಿಮಘಟ್ಟದ ಗಂಗಾಮೂಲದ ಅರಣ್ಯದಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳ ಸಮೀಪದ ಮಾಳದ ಕಡೆಯ ಚಿತ್ಪಾವನ ವಿದ್ವಾಂಸರು. ಪತ್ನಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದ್ದಕ್ಕಾಗಿ ಸ್ವಜನರ ವಿರೋಧಕ್ಕೆ ಗುರಿಯಾಗಿ ಕಾಡಿನಲ್ಲಿ ಆಶ್ರಮ ಕಟ್ಟಿಕೊಂಡಿದ್ದವರು. ಆ ತಾಯಿಯಿಂದಲೇ ರಮಾಬಾಯಿ ಸಂಸ್ಕೃತ ಕಲಿತರು.

ಮಗು ಇನ್ನೂ ಹಸುಳೆಯಾಗಿದ್ದಾಗಲೇ ಕುಟುಂಬ ತೀರ್ಥಯಾತ್ರೆಗೆ ಹೊರಟಿತು. ಪುರಾಣಪಠಣವೇ ಅವರ ಜೀವನೋಪಾಯವಾಗಿತ್ತು. 1870ರ ದಶಕದ ಕ್ಷಾಮದಲ್ಲಿ ತಂದೆ, ತಾಯಿ, ಅಕ್ಕ ಒಬ್ಬರಾದ ಮೇಲೊಬ್ಬರು ತೀರಿಕೊಂಡರು. ವ್ರತ, ದಾನ, ಕ್ಷೇತ್ರದರ್ಶನಗಳೆಲ್ಲ ಮುಗಿದಿದ್ದರೂ ಮನಸ್ಸಿಗೆ ನೆಲೆ ದೊರೆತಿರಲಿಲ್ಲ. ಅಣ್ಣ ಶ್ರೀನಿವಾಸರೊಡನೆ 1878ರಲ್ಲಿ ಕಲ್ಕತ್ತೆ ಸೇರಿದಾಗ ಅಲ್ಲಿಯ ವಿದ್ವಾಂಸರು ಅವರನ್ನು ಪಂಡಿತಾ, ಸರಸ್ವತಿ ಎಂಬ ಬಿರುದುಗಳಿಂದ ಗೌರವಿಸಿದರು. ಆದರೆ ಧರ್ಮಶಾಸ್ತ್ರಗಳನ್ನು ಓದಿದಂತೆಲ್ಲ, ಸ್ತ್ರೀಯರಿಗೂ ಶೂದ್ರರಿಗೂ ಮೋಕ್ಷದ ಬಾಗಿಲು ಮುಚ್ಚಿದೆಯೆಂಬ ಅರಿವು ಅವರನ್ನು ಬಾಧಿಸಿತು. ಅಣ್ಣನ ಮರಣ, ಬಿಪಿನ್ ಬಿಹಾರಿ ಮೇಧಾವಿಯವರೊಡನೆ ಅಂತರ್ಜಾತೀಯ ವಿವಾಹ, 1882ರಲ್ಲಿ ವೈಧವ್ಯ, ಇವೆಲ್ಲ ಎರಡೇ ವರ್ಷಗಳ ಅಂತರದಲ್ಲಿ ನಡೆದುಹೋದವು. ಎಳೆಯ ಮಗಳು ಮನೋರಮಾಳೊಡನೆ ಅವರು ಪುಣೆಗೆ ಬಂದು ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು.

1883ರಲ್ಲಿ ಇಂಗ್ಲೆಂಡಿಗೆ ಹೋದಾಗ, ಸಮಾಜವು ಪತಿತೆಯರೆಂದು ದೂರವಿಟ್ಟ ಸ್ತ್ರೀಯರನ್ನು ಕ್ರೈಸ್ತ ಸನ್ಯಾಸಿನಿಯರು ಆದರದಿಂದ ಪೋಷಿಸುತ್ತಿದ್ದುದನ್ನು ಅವರು ಕಂಡರು. ಅದರ ಕಾರಣವನ್ನು ಕೇಳಿದಾಗ ತಿಳಿದುಬಂದದ್ದು, ಬಾವಿಯ ಬಳಿ ಸಮಾರ್ಯದ ಹೆಂಗಸಿಗೆ ಕ್ರಿಸ್ತನು ಜೀವಜಲದ ವಿಷಯವನ್ನು ತಿಳಿಸಿದ ಪ್ರಸಂಗ. ಕುಲವನ್ನೂ ನಡತೆಯನ್ನೂ ಎಣಿಸದೆ ಹೆಣ್ಣಿನೊಡನೆ ಮಾತನಾಡುವ ದೇವರು ಅವರಿಗೆ ಅಲ್ಲಿ ಕಾಣಿಸಿದನು. ಅದೇ ವರ್ಷದ ಸೆಪ್ಟೆಂಬರ್ 29ರಂದು ವಾಂಟೇಜಿನಲ್ಲಿ ದೀಕ್ಷಾಸ್ನಾನ ಪಡೆದರು. ಆದರೆ ಈ ಸಮರ್ಪಣೆ ಬುದ್ಧಿಯ ಶರಣಾಗತಿಯಾಗಿರಲಿಲ್ಲ. ತ್ರಿಯೇಕತ್ವದ ಸಿದ್ಧಾಂತವನ್ನೂ ಚರ್ಚಿನ ಅಧಿಕಾರವನ್ನೂ ಅವರು ಪ್ರಶ್ನಿಸಿದರು. ತಾವು ಧರಿಸುವ ಶಿಲುಬೆಯ ಮೇಲೆ ಲ್ಯಾಟಿನ್ ಬದಲು ಸಂಸ್ಕೃತದ ಬರಹವಿರಬೇಕೆಂದು ವಾದಿಸಿದರು. ಸ್ವದೇಶದ ಸನಾತನಿಗಳಿಗೆ ಅವರು ದ್ರೋಹಿಯಾದರು. ವಿದೇಶದ ಗುರುಗಳಿಗೆ ಅವಿಧೇಯ ಶಿಷ್ಯೆಯಾದರು.

1889ರಲ್ಲಿ ಮುಂಬಯಿಯಲ್ಲಿ ಬಾಲವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದು, ಮರುವರ್ಷ ಅದನ್ನು ಪುಣೆಗೆ ಸ್ಥಳಾಂತರಿಸಿದರು. ಇದೇ ಕಾಲದಲ್ಲಿ ಅವರ ಆತ್ಮಶೋಧನೆ ತೀವ್ರವಾಯಿತು. ದೀಕ್ಷೆ ಪಡೆದು ಎಂಟು ವರ್ಷ ಕಳೆದ ಮೇಲೆ, ತಮಗೆ ಕ್ರೈಸ್ತಮತ ದೊರಕಿದೆಯೇ ಹೊರತು ಕ್ರಿಸ್ತನು ದೊರಕಿಲ್ಲವೆಂಬುದನ್ನು ಅವರು ಮನಗಂಡರು. ಪಾಂಡಿತ್ಯದ ಅಭಿಮಾನವನ್ನು ಬದಿಗಿಟ್ಟು ಬರಿಗೈಯಲ್ಲಿ ದೇವರ ಮುಂದೆ ನಿಂತಾಗ ಶಾಂತಿ ಲಭಿಸಿತು. ಅದಕ್ಕೆ ಅವರು ತೆತ್ತ ಬೆಲೆಯೂ ಸಣ್ಣದಲ್ಲ. ಸದನದ ವಿದ್ಯಾರ್ಥಿನಿಯರು ಆ ಮತದತ್ತ ಒಲಿಯುತ್ತಿದ್ದಾರೆಂಬ ಆಕ್ಷೇಪ ಎದ್ದು, 1893ರಲ್ಲಿ ರಾನಡೆ, ಭಾಂಡಾರಕರ್ ಮೊದಲಾದ ಬೆಂಬಲಿಗರು ದೂರ ಸರಿದರು. ಈ ಆಕ್ಷೇಪವನ್ನು ಕೇವಲ ಸನಾತನಿಗಳ ಅಸಹನೆಯೆಂದು ತಳ್ಳಿಹಾಕಲಾಗದು. ಮತನಿರಪೇಕ್ಷವಾಗಿರಬೇಕಾದ ಸಂಸ್ಥೆಯಲ್ಲಿ ಸಂಸ್ಥಾಪಕಿಯ ಶ್ರದ್ಧೆಗೆ ಎಲ್ಲಿಯವರೆಗೆ ಅವಕಾಶ ಎಂಬ ನಿಜವಾದ ಪ್ರಶ್ನೆ ಅದರಲ್ಲಿತ್ತು.

ಮುಂದೆ ಕೇಡಗಾಂವದಲ್ಲಿ ಮುಕ್ತಿ ಸದನ ಬೆಳೆಯಿತು. 1896-97ರ ಕ್ಷಾಮದಲ್ಲಿ ಮಧ್ಯಪ್ರಾಂತ್ಯದಿಂದ ನೂರಾರು ಹೆಣ್ಣುಮಕ್ಕಳನ್ನು ಅವರು ಕರೆತಂದರು. ಹಸಿವಿನಲ್ಲಿ ಹೆತ್ತವರನ್ನು ಕಳೆದುಕೊಂಡವರಿಗೆ ಆ ಮಕ್ಕಳ ಹಸಿವು ಪರಕೀಯವಾಗಿರಲಿಲ್ಲ. 1905ರಲ್ಲಿ ಮುಕ್ತಿಯಲ್ಲಿ ಪ್ರಾರ್ಥನೆಯ ಮಹಾಜಾಗೃತಿಯೊಂದು ಕಾಣಿಸಿಕೊಂಡಿತು. ಅಂದು ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಕಲಬುರಗಿಯಲ್ಲಿಯೂ ಅವರು ಶಾಲೆಯೊಂದನ್ನು ಆರಂಭಿಸಿದರು. ಮನೋರಮಾ ಅದರ ಹೊಣೆ ಹೊತ್ತರು.

ಕೊನೆಯ ಹದಿನೆಂಟು ವರ್ಷಗಳ ತಪಸ್ಸು ಬೈಬಲ್ಲಿನ ಮರಾಠಿ ಅನುವಾದ. ಅದಕ್ಕಾಗಿ ಹೀಬ್ರೂ, ಗ್ರೀಕ್ ಭಾಷೆಗಳನ್ನು ಕಲಿತರು. ತಾವು ಕುಡಿದ ನೀರು ಓದುಬರಹ ಹೆಚ್ಚು ಬಾರದ ಹೆಂಗಸರಿಗೂ ದಕ್ಕಬೇಕೆಂದು ತಿಳಿಯಾದ ಆಡುಮಾತನ್ನು ಆರಿಸಿಕೊಂಡರು. 1921ರಲ್ಲಿ ಮಗಳು ತೀರಿಕೊಂಡಳು. ಆ ದುಃಖದಲ್ಲಿಯೂ ಕಾರ್ಯವನ್ನು ಮುಗಿಸಿ, 1922ರ ಏಪ್ರಿಲ್ 5ರಂದು ರಮಾಬಾಯಿ ಕೇಡಗಾಂವದಲ್ಲಿ ಕಣ್ಮುಚ್ಚಿದರು.